ಎರವಿನ ತೊಗಲು

ಆ ಹುಡುಗಿಗೆ ನನ್ನ ಮುಖಕ್ಕಿಂತ ಮೊದಲು ನನ್ನ ಪಾದಗಳ ಪರಿಚಯವಾಯಿತು. ಗದ್ದ ಎದೆಗೆ ಅಂಟಿಕೊಂಡಿದ್ದರಿಂದ ನೆಲವನ್ನು ಬಿಟ್ಟು ಬೇರೇನನ್ನೂ ಅವಳು ನೋಡುವಂತಿರಲಿಲ್ಲ. ದುರ್ಗದ ಮಿಷನ್ ಔಷಧಾಲಯದ ಜಗಲಿಯ ಮೇಲೆ ಅವಳನ್ನು ಕೂರಿಸಿ ತಾಯಿ ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದಳು. ನಾನು ಹತ್ತಿರ ಹೋದಾಗ ಹುಡುಗಿ, "ಯವ್ವಾ, ಕರಿ ಕಾಲಿನೋರು ಬಂದ್ರು," ಎಂದಳು. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ನನ್ನ ಕಾಲು ಕಪ್ಪು, ಸುಳ್ಳೇನಲ್ಲ. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆ ದಿನಗಳಲ್ಲಿ ಎರಡೂ ನನಗೆ ಸುಲಭವಾಗಿ ಬರುತ್ತಿರಲಿಲ್ಲ.

ಮಾರಿಕಣಿವೆಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದ ಕಾಲ ಅದು. ಅಲ್ಲಿಗೆ ಸಾಮಾನು ಇಳಿಸಿ ವಾಪಸು ಬರುತ್ತಿದ್ದ ಗಾಡಿಯೊಂದರಲ್ಲಿ ತಾಯಿ ಮಗಳು ಹಿರಿಯೂರಿನಿಂದ ದುರ್ಗಕ್ಕೆ ಬಂದಿದ್ದರು. ಯಲ್ಲದಕೆರೆಯಿಂದ ಆಚೆಗೆ ಅವರ ಹಟ್ಟಿ. ಕುರಿ ಸಾಕುವ ಜನ. ಹುಡುಗಿಗೆ ಎಂಟೊಂಬತ್ತು ವರ್ಷ. ಎರಡು ವರ್ಷದ ಹಿಂದೆ ಕುರಿರೊಪ್ಪದ ಬಾಗಿಲಲ್ಲಿ ಚಳಿಗೆಂದು ಹಾಕಿದ್ದ ಬೆಂಕಿ ಅವಳ ಬಟ್ಟೆಗೆ ತಾಗಿ ಕತ್ತು, ಎದೆ ಬೆಂದಿದ್ದವು. ಕಂಬಳಿ ಸುಟ್ಟ ಬೂದಿಯನ್ನು ಬೆಣ್ಣೆಯಲ್ಲಿ ಕಲಸಿ ಹಚ್ಚಿದ್ದರು. ಗಾಯ ಮಾಯಿತು, ಆದರೆ ಮಾಯುತ್ತ ಮಾಯುತ್ತ ಚರ್ಮ ಸೆಳೆದುಕೊಂಡು ಗದ್ದವನ್ನು ಎದೆಗೆ ಎಳೆದು ಕಟ್ಟಿಹಾಕಿತ್ತು. ಕೆಳದುಟಿ ಹೊರಕ್ಕೆ ಮಗುಚಿ ಜೊಲ್ಲು ಸೋರುತ್ತಿತ್ತು. ಮುದ್ದೆ ನುಂಗಲಾರದೆ ಅಂಬಲಿಯಲ್ಲೇ ಜೀವ ಹಿಡಿದಿದ್ದಳು.

"ಆಕಾಶ ನೋಡಿ ಎಲ್ಡು ವರ್ಸ ಆತು ಅಮ್ಮಾರೆ," ಎಂದಳು ತಾಯಿ. "ಇವರಪ್ಪ ಮಂದೆ ಹೊಡ್ಕಂಡು ಹೊಸದುರ್ಗದ ಕಡೀಗೆ ಹೋಗ್ಯಾನೆ. ತವರಿಗೆ ಹೋಗ್ತೀನಿ ಅಂತ ಹಟ್ಟಿಯಾಗೆ ಸುಳ್ಳು ಹೇಳಿ ಬಂದೀನಿ. ತಲೆ ಎತ್ತಂಗೆ ಮಾಡಿ ಕಳಿಸ್ರಿ, ಅಷ್ಟೇ."

ಅಷ್ಟೇ ಎಂದು ಅವಳು ಹೇಳಿದ್ದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತಿತ್ತು. ಔಷಧಾಲಯದಲ್ಲಿ ಇದ್ದವರು ನಾವು ಇಬ್ಬರೇ: ಇಂಗ್ಲಿಷರ ಡಾಕ್ಟರಮ್ಮ ಮತ್ತು ನಾನು. ಅಡಿಗೆಯ ಮುದುಕಿಯನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಗಾಯ ತೊಳೆಯುವುದು, ಬಟ್ಟೆ ಕುದಿಸುವುದು, ಕ್ಲೋರೋಫಾರ್ಮ್ ಕೊಡುವುದು, ಡಾಕ್ಟರಮ್ಮನ ಕನ್ನಡವನ್ನು ಕನ್ನಡಕ್ಕೆ ತರುವುದು, ಎಲ್ಲ ನನ್ನ ಪಾಲಿಗೆ. ಆಕೆ ಮುನ್ಷಿಯೊಬ್ಬರ ಬಳಿ ಭಾಷೆ ಕಲಿತವರು. ಹುಡುಗಿಯ ಕತ್ತನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ, "ಈ ಬಾಲಿಕೆಯ ಕಂಠವನ್ನು ಬಿಡಿಸತಕ್ಕದ್ದು. ತರುವಾಯ ತೊಡೆಯ ಚರ್ಮವನ್ನು ಅಲ್ಲಿ ನೆಡತಕ್ಕದ್ದು," ಎಂದರು. ತಾಯಿ ನನ್ನ ಮುಖ ನೋಡಿದಳು.

"ಕತ್ತಿನ ಗಂಟು ಕೊಯ್ದು ಬಿಡಿಸ್ತಾರೆ," ಎಂದೆ. "ಅಲ್ಲಿ ಹಸಿ ಮಾಂಸ ಕಾಣ್ತೈತೆ. ಸುಮ್ನೆ ಬಿಟ್ರೆ ಮತ್ತೆ ಸೆಳ್ಕಂತೈತೆ. ಅದಕ್ಕೆ ಅವಳ ತೊಡೆ ಮ್ಯಾಲಿಂದ ತೆಳ್ಳಗೆ ತೊಗಲು ಹೆರೆದು ಅಲ್ಲಿ ಹೊದಿಸ್ತಾರೆ."

"ಹತ್ಕಂತೈತಾ?"

"ಹತ್ಕಂಡ್ರೆ ಹತ್ಕಂತೈತೆ."

ಸಮಾಧಾನ ಹೇಳುವ ಕಲೆ ನನಗೆ ಯಾವತ್ತೂ ಬರಲಿಲ್ಲ. ತಾಯಿ ಆಗಲಿ ಎಂದಳು. ನಮ್ಮ ಅಡಿಗೆ ಅವರು ಮುಟ್ಟುವಂತಿರಲಿಲ್ಲ; ಕಾಂಪೌಂಡಿನ ಹುಣಸೆಮರದ ಕೆಳಗೆ ಮೂರು ಕಲ್ಲು ಹೂಡಿಕೊಂಡು ತನ್ನ ಅಂಬಲಿ ತಾನೇ ಕಾಯಿಸತೊಡಗಿದಳು.

ಎರಡು ದಿನ ಹುಡುಗಿಯ ಬಲತೊಡೆಯನ್ನು ಸೋಪು ಹಾಕಿ ತೊಳೆದು, ಕುದಿಸಿದ ಬಟ್ಟೆ ಸುತ್ತಿಟ್ಟೆ. ಈ ಕೆಲಸದಲ್ಲಿ ದೊಡ್ಡ ಕಷ್ಟ ಕಾರ್ಬಾಲಿಕ್ ನೀರಿನದು. ಕ್ರಿಮಿ ಸಾಯಲು ಕೈ, ಕತ್ತರಿ, ಮೇಜು ಎಲ್ಲಕ್ಕೂ ಅದು ಬೇಕು. ಆದರೆ ಹೆರೆದ ಚರ್ಮಕ್ಕೆ ಅದು ತಾಗಿದರೆ ಚರ್ಮ ಸಾಯುತ್ತದೆ. ಚರ್ಮಕ್ಕೆ ಬೇಕಾದದ್ದು ಉಪ್ಪುನೀರು, ಅದೂ ಮೈಯ ಬಿಸಿಯಷ್ಟೇ ಬಿಸಿಯಾಗಿರಬೇಕು. ಕಾರ್ಬಾಲಿಕ್‌ನಲ್ಲಿ ಅದ್ದಿದ ಕ್ಷೌರದ ಕತ್ತಿಯನ್ನು ಉಪ್ಪುನೀರಿನಲ್ಲಿ ಮೂರು ಸಲ ಜಾಲಿಸಿದೆ. ನಾಲ್ಕನೆಯ ಸಲವೂ ಜಾಲಿಸಿದೆ.

ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಹುಡುಗಿಯನ್ನು ಮೇಜಿನ ಮೇಲೆ ಮಲಗಿಸಿದೆವು. ಕ್ಲೋರೋಫಾರ್ಮ್ ಕೊಡುವಾಗ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟದಂತೆ ದವಡೆಯನ್ನು ಮೇಲಕ್ಕೆತ್ತಿ ಹಿಡಿಯಬೇಕು. ಇವಳ ದವಡೆ ಎತ್ತಲು ಬರುವಂತಿದ್ದರೆ ಇವಳು ನಮ್ಮಲ್ಲಿಗೆ ಯಾಕೆ ಬರುತ್ತಿದ್ದಳು? ಮುಖದ ಮೇಲಿನ ಬಟ್ಟೆಗೆ ಹನಿ ಹನಿಯಾಗಿ ಬಿಡುತ್ತ, ಕಣತಲೆಯ ನಾಡಿಯ ಮೇಲೆ ಒಂದು ಬೆರಳಿಟ್ಟು, ಉಸಿರು ಎಣಿಸುತ್ತ ಹೋದೆ. ಒಂದು ಹಂತದಲ್ಲಿ ಎಣಿಸಲು ಏನೂ ಸಿಗಲಿಲ್ಲ. ತುಟಿ ನೀಲಿಗೆ ತಿರುಗಿತು.

"ಉಸಿರಿಲ್ಲ," ಎಂದೆ.

ಡಾಕ್ಟರಮ್ಮ ಉಸಿರಿನ ಗೋಜಿಗೆ ಹೋಗದೆ ಚಾಕುವನ್ನು ಕತ್ತಿನ ಅಡ್ಡಕ್ಕೆ ಒಂದೇ ಎಳೆತ ಎಳೆದರು. ಗಂಟುಗಟ್ಟಿದ ಚರ್ಮ ಬಿರಿಯಿತು. ಇನ್ನೊಂದು ಎಳೆತಕ್ಕೆ ಗದ್ದ ಎದೆಯಿಂದ ಕಳಚಿಕೊಂಡಿತು. ನಾನು ದವಡೆಯನ್ನು ಎತ್ತಿ ಹಿಡಿದು ಚಿಮುಟದಿಂದ ನಾಲಿಗೆಯನ್ನು ಹೊರಕ್ಕೆಳೆದೆ. ಕೆಮ್ಮಿನಂಥ ಒಂದು ಸದ್ದಿನೊಂದಿಗೆ ಉಸಿರು ಬಂತು. ಡಾಕ್ಟರಮ್ಮನ ಹಣೆಯ ಬೆವರು ನನ್ನ ಕೈಮೇಲೆ ಬಿತ್ತು. ನಾನು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದೆ.

ತಲೆ ಹಿಂದಕ್ಕೆ ಬಾಗಿದ ಮೇಲೆ ಕತ್ತಿನಲ್ಲಿ ಉಳಿದ ಹಸಿಗಾಯ ನನ್ನ ಅಂಗೈಗಿಂತ ದೊಡ್ಡದಿತ್ತು. ಬಿಸಿ ಉಪ್ಪುನೀರಿನ ಬಟ್ಟೆಯನ್ನು ಒತ್ತಿ ಒತ್ತಿ ರಕ್ತ ನಿಲ್ಲಿಸಿದೆವು. ರಕ್ತ ಒಸರುತ್ತಿದ್ದರೆ ಮೇಲೆ ಹೊದಿಸಿದ ಚರ್ಮ ತೇಲಿಹೋಗುತ್ತದೆ. ಆಮೇಲೆ ತೊಡೆಯ ಚರ್ಮವನ್ನು ನಾನು ಎರಡು ಕೈಯಿಂದ ಬಿಗಿಯಾಗಿ ಎಳೆದು ಹಿಡಿದೆ. ಡಾಕ್ಟರಮ್ಮ ಕತ್ತಿಯನ್ನು ಗರಗಸದಂತೆ ಸಣ್ಣಗೆ ಆಡಿಸುತ್ತ ಹೆರೆದರು. ಕತ್ತಿಯ ಅಲಗು ಚರ್ಮದ ಅಡಿಯಿಂದ ಕಾಣಬೇಕು, ಅಷ್ಟು ತೆಳ್ಳಗೆ. ಎರಡು ಬೆರಳಗಲದ ಆರು ಪಟ್ಟಿಗಳು ಸಿಕ್ಕವು. ಅವನ್ನು ಗಾಯದ ಮೇಲೆ ಸೂಜಿಯ ಮೊನೆಯಿಂದ ಹರಡಿ, ತೂತು ಮಾಡಿದ ಎಣ್ಣೆಬಟ್ಟೆ ಹೊದಿಸಿ, ಮೇಲೆ ಉಪ್ಪುನೀರಿನ ಬಟ್ಟೆ ಕಟ್ಟಿದೆವು. ಐದು ದಿನ ಬಿಚ್ಚುವಂತಿಲ್ಲ. ತಲೆ ಅಲ್ಲಾಡುವಂತಿಲ್ಲ. ಹೆಗಲ ಕೆಳಗೆ ದಿಂಬು, ತಲೆಯ ಎರಡು ಕಡೆಗೂ ಮರಳಚೀಲ.

ಗಾಯ ನೋಡಲು ಬೆಳಕು ಬೇಕೆಂದು ಮಂಚವನ್ನು ಕಿಟಕಿಯ ಬದಿಗೆ ಎಳೆದವಳು ನಾನೇ.

ಮಾರನೆಯ ದಿನ ಹುಡುಗಿ ಮಲಗಿದಲ್ಲಿಂದಲೇ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ನಿಮ್ಮ ಮೂಗು ದಪ್ಪ ಐತೆ," ಎಂದು ಪಿಸುಗುಟ್ಟಿದಳು. ಮಾತಾಡಬೇಡ ಎಂದು ಗದರಿದೆ.

ಮೂರನೆಯ ದಿನ ಬಟ್ಟೆ ಕುದಿಸಿ ಒಣಹಾಕಿ ಬಂದು ನೋಡುತ್ತೇನೆ, ಹುಡುಗಿಯ ತಲೆ ಇದ್ದಲ್ಲಿ ಕಾಲುಗಳಿವೆ. ತಲೆ ಮಂಚದ ಇನ್ನೊಂದು ತುದಿಯಲ್ಲಿದೆ. ಹೆಗಲ ಕೆಳಗಿನ ದಿಂಬು, ಪಕ್ಕದ ಮರಳಚೀಲ ಎಲ್ಲ ನಾನು ಇಟ್ಟಷ್ಟೇ ಓರಣವಾಗಿವೆ. ತಾಯಿ ಕೆಳಗೆ ಕುಳಿತು ನೆಮ್ಮದಿಯಿಂದ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಳೆ.

"ಯಾರು ತಿರುಗಿಸಿದ್ದು?"

"ನಾನೇ ಅಮ್ಮಾರೆ. ಉತ್ತರಕ್ಕೆ ತಲೆ ಇಕ್ಕಿ ಯಾರಾನ ಮಲಗ್ತಾರೇನ್ರಿ? ಎಲ್ಡು ದಿನ ತಡ್ಕಂಡೆ. ನಿಮಗೆ ಗ್ಯಾನ ಇಲ್ಲ ಅಂದ್ಕಂಡೆ. ಬಲೇ ನಿಧಾನಕ್ಕೆ ತಿರುಗಿಸೀನಿ, ಕೂಸು ಕುಯ್ ಅನ್ನಲಿಲ್ಲ."

ಉತ್ತರಕ್ಕೆ ತಲೆ ಹಾಕಬಾರದು ಎಂಬ ಮಾತು ನಾನೂ ಕೇಳಿದ್ದೆ. ಆದರೆ ನಾನು ಬೆಳೆದ ಅನಾಥಶಾಲೆಯಲ್ಲಿ ಮಂಚಗಳು ಗೋಡೆಗೆ ಹೊಂದಿಕೊಂಡು ಇರುತ್ತಿದ್ದವು. ಅರ್ಧ ಹುಡುಗಿಯರ ತಲೆ ಉತ್ತರಕ್ಕೆ, ಇನ್ನರ್ಧ ದಕ್ಷಿಣಕ್ಕೆ. ಯಾರೂ ಸತ್ತಿರಲಿಲ್ಲ. ಹಾಗಾಗಿ ಅದು ಒಬ್ಬ ತಾಯಿ ಎರಡು ದಿನ ಹಲ್ಲು ಕಚ್ಚಿಕೊಂಡು ಸಹಿಸಬೇಕಾದ ಸಂಗತಿ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮಂಚವನ್ನು ಮೊದಲೇ ಇನ್ನೊಂದು ಕಡೆಗೆ ತಿರುಗಿಸಿ ಹಾಕಿದ್ದರೆ ಬೆಳಕೇನೂ ಕಡಿಮೆಯಾಗುತ್ತಿರಲಿಲ್ಲ. ಅವಳ ಮೇಲೆ ಕೂಗಾಡುವ ಹಕ್ಕು ನನಗೆ ಇರಲಿಲ್ಲ. ಡಾಕ್ಟರಮ್ಮನಿಗೆ ಹೇಳಿದೆ. ಆಕೆ ಐದನೆಯ ದಿನದವರೆಗೆ ಬಿಚ್ಚಬಾರದು ಎಂದಷ್ಟೇ ಹೇಳಿದರು.

ಐದನೆಯ ದಿನ ಬಿಚ್ಚಿದೆವು. ದವಡೆಗೆ ಹತ್ತಿರದ ಎರಡು ಪಟ್ಟಿಗಳು ಹಿಡಿದುಕೊಂಡಿದ್ದವು; ತೆಳು ಗುಲಾಬಿ ಬಣ್ಣ ಬಂದಿತ್ತು. ಉಳಿದ ನಾಲ್ಕು ಜಾರಿ, ಮುದುರಿ, ಕತ್ತಿನ ಕೆಳಮಡಿಕೆಯಲ್ಲಿ ಬೂದಿಬಣ್ಣದ ಮುದ್ದೆಯಾಗಿದ್ದವು. ನಡುವೆ ಅಲ್ಲಲ್ಲಿ ಸಾಸಿವೆ, ಕಡಲೆಯಷ್ಟು ಹತ್ತಿಕೊಂಡ ಚರ್ಮದ ಚುಕ್ಕಿಗಳು ಮಾತ್ರ ಉಳಿದಿದ್ದವು. ತೊಡೆಯ ಗಾಯವೂ ಸ್ವಲ್ಪ ಕೀವಾಗಿ ಹುಡುಗಿಗೆ ಜ್ವರ ಬಂದಿತ್ತು. ಇನ್ನೊಂದು ಸಲ ಕ್ಲೋರೋಫಾರ್ಮ್ ಕೊಡುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಕೊಡದೆ ಕಾದರೆ ಗಾಯ ತಿರುಗಿ ಸೆಳೆದುಕೊಂಡು ಗದ್ದ ಮತ್ತೆ ಎದೆಗೆ ಬಂದು ಕೂರುತ್ತದೆ.

"ಬೇರೊಬ್ಬರ ಚರ್ಮವನ್ನು ಹಾಕುವುದುಂಟು," ಎಂದರು ಡಾಕ್ಟರಮ್ಮ. "ಕೆಲವರು ಹಿಡಿಯುತ್ತದೆ ಎಂದು ಬರೆದಿದ್ದಾರೆ."

ತಾಯಿ ತಕ್ಷಣ ಸೀರೆ ಎತ್ತಿ ತೊಡೆ ತೋರಿಸಿದಳು. ತುಂಬ ಕಜ್ಜಿ. ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದರು. ಅಡಿಗೆಯ ಮುದುಕಿ ಹಿಂದಿನ ಬಾಗಿಲಿನಿಂದ ಮಾಯವಾಗಿದ್ದಳು. ನನ್ನದು ತೆಗೆಯಿರಿ ಎಂದೆ. ಇದನ್ನು ತ್ಯಾಗ ಎಂದು ಆಮೇಲೆ ಕೆಲವರು ಕರೆದರು. ನಿಜ ಹೇಳಬೇಕೆಂದರೆ ನನಗೆ ಆಗ ಏನೂ ಅನ್ನಿಸಿರಲಿಲ್ಲ. ಹನ್ನೊಂದು ಗಂಟೆಯಾಗಿತ್ತು, ಮಧ್ಯಾಹ್ನದ ರೋಗಿಗಳು ಬರುವ ಮುಂಚೆ ಮುಗಿದರೆ ಸಾಕು ಎನ್ನಿಸಿತ್ತು.

ನೋವು ತಿಳಿಯದಂತೆ ಮರಗಟ್ಟಿಸುವ ಕೊಕೇನಿನ ದ್ರಾವಣ ಸ್ವಲ್ಪವೇ ಇತ್ತು. ಅದನ್ನು ಸೂಜಿಯಿಂದ ನನ್ನ ತೊಡೆಗೆ ಹಾಕಿದರು. ಮೊದಲ ಎರಡು ಪಟ್ಟಿಗಳ ಹೊತ್ತಿಗೆ ಏನೂ ತಿಳಿಯಲಿಲ್ಲ. ಯಾರದೋ ತೊಡೆಯನ್ನು ಯಾರೋ ಹೆರೆಯುವುದನ್ನು ನೋಡುವಂತೆ ನೋಡುತ್ತಿದ್ದೆ. ಮೂರನೆಯದಕ್ಕೆ ತಿಳಿಯಿತು. ನನ್ನ ಮೊಣಕಾಲುಗಳನ್ನು ಅಲ್ಲಾಡದಂತೆ ಹಿಡಿಯಲು ಬೇರೆ ಯಾರೂ ಇಲ್ಲದ್ದರಿಂದ ಹುಡುಗಿಯ ತಾಯಿಯೇ ಹಿಡಿದಿದ್ದಳು. ನಾಲ್ಕನೆಯ ಪಟ್ಟಿ ತೆಗೆದು ಡಾಕ್ಟರಮ್ಮ ಹುಡುಗಿಯ ಮಂಚದ ಕಡೆಗೆ ಹೋದರು. ನನ್ನ ಸೀರೆ ಸಡಿಲವಾಗಿ ಜಾರಿತ್ತು. ಸರಿಮಾಡಿಕೊಳ್ಳುವಷ್ಟರಲ್ಲಿ ತಾಯಿ ನನ್ನ ಹೊಟ್ಟೆಯನ್ನು ನೋಡಿಬಿಟ್ಟಳು.

ನನ್ನ ಹೊಕ್ಕುಳ ಸುತ್ತ ಐದು ಬರೆಗಳಿವೆ. ಕಾದ ಕಬ್ಬಿಣದಿಂದ ಹಾಕಿದವು. ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರದಲ್ಲಿ ಗಂಜಿಮನೆಯ ಬಾಗಿಲಲ್ಲಿ ಸಿಕ್ಕ ಕೂಸು ನಾನು. ಯಾವ ಊರು, ಯಾವ ಜಾತಿ, ಯಾರ ಮಗಳು, ಒಂದೂ ಗೊತ್ತಿಲ್ಲ. ಜೊತೆಗೆ ಬಂದದ್ದು ಈ ಐದು ಬರೆ ಮಾತ್ರ. ತಾಯಿ ಸುಟ್ಟು ಬಿಸಾಡಿದ ಕೂಸನ್ನು ಕರ್ತನು ಎತ್ತಿಕೊಂಡನು ಎಂದು ಅನಾಥಶಾಲೆಯಲ್ಲಿ ಹೇಳಿಕೊಡುತ್ತಿದ್ದರು. ಪರವೂರಿನ ದೊರೆಸಾನಿಯರು ಬಂದಾಗ ರವಿಕೆಯ ಅಂಚನ್ನು ಎತ್ತಿ ತೋರಿಸಬೇಕಾಗಿತ್ತು. ಅವರು ಅಯ್ಯೋ ಎನ್ನುತ್ತಿದ್ದರು. ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ನನ್ನ ತಾಯಿಯನ್ನು ಕ್ಷಮಿಸಬೇಕೆಂದು ಕಲಿಸಿದ್ದರು. ಪ್ರತಿದಿನ ಕ್ಷಮಿಸಿದೆ. ಮೊದಮೊದಲು ಅಳುತ್ತ ಕ್ಷಮಿಸುತ್ತಿದ್ದೆ, ಆಮೇಲೆ ಆಕಳಿಸುತ್ತ. ಕೊನೆಕೊನೆಗೆ ಆ ಮಾತು ಬಾಯಿಗೆ ಬರುತ್ತಿತ್ತು, ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ.

"ನಿಮಗೂ ಹಾಕ್ಯಾರಲ್ಲ," ಎಂದಳು ಹುಡುಗಿಯ ತಾಯಿ. ಬೆರಳಿನಿಂದ ಒಂದೊಂದನ್ನೇ ಮುಟ್ಟಿದಳು. ಅಲ್ಲಿ ಮುಟ್ಟಿದರೆ ನನಗೆ ತಿಳಿಯುವುದಿಲ್ಲ. "ಹೊಟ್ಟೆ ಉಬ್ರದ ಬರೆ ಇದು. ಐದಾಕ್ಯಾರೆ ಅಂದ್ರೆ ಕೂಸು ಕೈಬಿಟ್ಟು ಹೋಗ್ತಿತ್ತು. ಯಾರು ಹಾಕಿಸಿದ್ದು?"

"ನಮ್ಮವ್ವ ಇರಬೇಕು. ಸುಟ್ಟು ಬಿಸಾಕಿ ಹೋದ್ಲಂತೆ."

ಅವಳು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಏನಕ್ಕಾ, ಹಿಂಗಂತೀಯ! ಬಿಸಾಕೋ ಕೂಸಿಗೆ ಯಾರಾನ ಬರೆ ಹಾಕಿಸ್ತಾರಾ? ಬರೆ ಹಾಕೋನ ಮನೀಗೆ ಎತ್ಕಂಡು ಹೋಗಬೇಕು. ಅವನಿಗೆ ಕಾಳೋ ಕಡ್ಡಿಯೋ ಕೊಡಬೇಕು. ಬರದಾಗೆ ಅವಳಿಗೆ ಕಾಳು ಎಲ್ಲಿಂದ ಬಂತೋ! ಕೂಸು ಚೀರ್ತಿದ್ರೆ ತಾಯಿನೇ ಕೈಕಾಲು ಅಮಿಕ್ಕಂಡು ಹಿಡೀಬೇಕು. ಇಟ್ಕಳಾ ಕೂಸಿಗೇ ಕಣಕ್ಕಾ ಬರೆ ಹಾಕ್ಸೋದು."

ಅಮ್ಮಾರೆ ಎನ್ನುತ್ತಿದ್ದವಳು ಅಕ್ಕ ಎಂದಳು ಎಂಬುದನ್ನು ಮೊದಲು ಗಮನಿಸಿದೆ. ಅವಳು ಹೇಳಿದ್ದು ಏನು ಎಂಬುದು ಆಮೇಲೆ ನಿಧಾನವಾಗಿ ಇಳಿಯಿತು. ನನ್ನ ಹೊಟ್ಟೆ ಉಬ್ಬಿದ್ದು ಹಸಿವಿನಿಂದ. ಅದು ಬರೆಯಿಂದ ವಾಸಿಯಾಗುವ ರೋಗವಲ್ಲ ಎಂದು ಔಷಧಾಲಯದಲ್ಲಿ ಹತ್ತು ವರ್ಷ ಕಳೆದ ನನಗೆ ಗೊತ್ತು. ನನ್ನನ್ನು ಹೆತ್ತವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದನ್ನು ಮಾಡಿದಳು; ಅದೂ ಸಾಲದೆ ಬಂದಾಗ ಗಂಜಿ ಸಿಗುವ ಬಾಗಿಲಿನವರೆಗೆ ಹೊತ್ತು ತಂದಳು. ಅಲ್ಲಿಂದ ಮುಂದೆ ಅವಳು ಬದುಕಿದಳೋ ಸತ್ತಳೋ ತಿಳಿಯದು. ಮಾತು ಬಂದಾಗಿನಿಂದ ನಾನು ದಿನವೂ ಕ್ಷಮಿಸಿದ ಆ ಹೆಂಗಸು ನನಗೆ ಮಾಡಿದ ತಪ್ಪೇ ಇರಲಿಲ್ಲ.

ಅಳು ಬರಲಿಲ್ಲ. ತೊಡೆ ಉರಿಯುತ್ತಿತ್ತು. ಎದ್ದು ಸೀರೆ ಬಿಗಿದುಕೊಂಡು ಮಧ್ಯಾಹ್ನದ ರೋಗಿಗಳನ್ನು ಕರೆದೆ.

ನನ್ನ ಚರ್ಮ ಹುಡುಗಿಯ ಕತ್ತಿಗೆ ಹಿಡಿಯಿತು. ಆರನೆಯ ದಿನ ಬಿಚ್ಚಿದಾಗ ನಾಲ್ಕು ಪಟ್ಟಿಯೂ ಮೈಗೆ ಹತ್ತಿಕೊಂಡು ನಸುಗೆಂಪಾಗಿದ್ದವು. ಡಾಕ್ಟರಮ್ಮ ನನ್ನ ಭುಜ ತಟ್ಟಿದರು. ಆ ಭಾನುವಾರ ಮಿಷನ್ ಗುಡಿಯಲ್ಲಿ ಪಾದ್ರಿಗಳು ವಿಶೇಷ ಸ್ತೋತ್ರ ಹೇಳಿಸಿದರು. ನನಗೆ ಸ್ವಲ್ಪ ಜಂಬ ಬಂತೆಂದು ಒಪ್ಪಿಕೊಳ್ಳುತ್ತೇನೆ. ದಿನಕ್ಕೊಂದು ಸಲ ನೋಡಬೇಕಾದ ಗಾಯವನ್ನು ಮೂರು ಸಲ ನೋಡುತ್ತಿದ್ದೆ. ಯಾರಿಗೂ ಸೇರದ ನನ್ನ ಮೈಯ ಒಂದು ತುಂಡು ಒಬ್ಬರ ಮೈಗೆ ಸೇರಿತಲ್ಲ ಎಂದು ಅನ್ನಿಸುತ್ತಿತ್ತು.

ಹತ್ತನೆಯ ದಿನ ಅಂಚು ಹಳದಿಯಾಯಿತು. ಹನ್ನೊಂದಕ್ಕೆ ನಾತ ಬಂತು. ಪಟ್ಟಿಗಳ ಮೇಲ್ಭಾಗ ಸುಕ್ಕಾಗಿ, ಒತ್ತಿದರೆ ಅಡಿಯಿಂದ ನೀರು ಒಸರುತ್ತಿತ್ತು. ಡಾಕ್ಟರಮ್ಮ ಸಂಜೆಗೆ ನಿರ್ಧಾರ ಮಾಡಿದರು: ಮರುದಿನ ಎಲ್ಲ ಕಿತ್ತುಹಾಕಿ, ಕಾರ್ಬಾಲಿಕ್‌ನಿಂದ ಉಜ್ಜಿ ತೊಳೆದು, ಏನಾದರಾಗಲಿ ಎಂದು ಹುಡುಗಿಗೆ ಮತ್ತೆ ಕ್ಲೋರೋಫಾರ್ಮ್ ಕೊಟ್ಟು ಎಡತೊಡೆಯಿಂದ ಚರ್ಮ ತೆಗೆಯುವುದು. ನಾನು ಅದನ್ನು ಹೇಳಲು ಹುಣಸೆಮರದ ಬಳಿಗೆ ಹೋದೆ. ತಾಯಿ ಒಲೆಗೆ ಕಡ್ಡಿ ಒಡ್ಡುತ್ತ ಕೇಳಿಸಿಕೊಂಡಳು.

"ಅದು ಉದುರೋದೇ ಅಲ್ವೇನಕ್ಕ," ಎಂದಳು. "ನಾನು ಮೊದ್ಲೇ ಅಂದ್ಕಂಡಿದ್ದೆ. ಮರಿ ಸತ್ತ ಕುರಿ ಬ್ಯಾರೆ ತಬ್ಬಲಿ ಮರೀನ ಸೇರಿಸಲ್ಲ. ಅದ್ಕೆ ಸತ್ತ ಮರಿ ತೊಗಲು ಸುಲಿದು ತಬ್ಬಲಿಗೆ ಹೊದಿಸಿ ಕಟ್ತೀವಿ. ತಾಯಿ ಮೂಸಿ ನೋಡಿ ನಂದೇ ಅಂತ ಹಾಲು ಕೊಡ್ತೈತೆ. ನಾಕೈದು ದಿನಕ್ಕೆ ತೊಗಲು ನಾತ ಹೊಡೀತೈತೆ, ಉದುರ್ತೈತೆ. ಅಷ್ಟೊತ್ತಿಗೆ ಮರಿ ಹೊಟ್ಟೆಯಾಗೆ ಆ ತಾಯಿ ಹಾಲೇ ಸೇರಿರ್ತೈತೆ. ಆಮ್ಯಾಲೆ ತೊಗಲು ಬ್ಯಾಡ."

"ಕಿತ್ತು ಹಾಕಿದ್ರೆ?"

"ಕೀಳಬಾರ್ದು. ಮೊದ್ಲೇ ಕಿತ್ರೆ ತಾಯಿ ಒದೀತೈತೆ. ತಾನಾಗೇ ಕಳಚಬೇಕು."

ಕುರಿಯ ಮಾತನ್ನು ಗಾಯಕ್ಕೆ ಹಚ್ಚುವುದು ಹೇಗೆ ಎಂದು ನನಗೆ ಗೊತ್ತಿರಲಿಲ್ಲ. ಆದರೂ ಎದ್ದು ಹೋಗಿ ಪಟ್ಟಿಯ ಒಂದು ಸಡಿಲವಾದ ಮೂಲೆಯನ್ನು ಚಿಮುಟದಿಂದ ಮೆಲ್ಲಗೆ ಎತ್ತಿ ನೋಡಿದೆ. ಕೆಳಗಿನ ಮಾಂಸ ಕೆಂಪಾಗಿ, ಒಣಗದೆ, ಮಟ್ಟಸವಾಗಿತ್ತು. ಮೊದಲ ಸಲ ಉಳಿದಿದ್ದ ಕಡಲೆಯಷ್ಟು ಚುಕ್ಕಿಯೊಂದರ ಸುತ್ತ ನೀಲಿಬಿಳುಪಿನ ತೆಳು ಅಂಚು ಕಂಡಿತು. ಅದು ಹುಡುಗಿಯ ಸ್ವಂತ ಚರ್ಮ. ನನ್ನ ಚರ್ಮದ ಮರೆಯಲ್ಲಿ ಬೆಳೆಯುತ್ತಿತ್ತು. ಮೂಲೆಯನ್ನು ಹಾಗೇ ಮುಚ್ಚಿದೆ.

ಬೆಳಿಗ್ಗೆ ಡಾಕ್ಟರಮ್ಮ ಕೈ ತೊಳೆಯುತ್ತಿದ್ದಾಗ, "ಕೀಳುವುದು ಬೇಡ," ಎಂದೆ. ಹತ್ತು ವರ್ಷದಲ್ಲಿ ಆಕೆಗೆ ನಾನು ಬೇಡ ಎಂದದ್ದು ಅದೇ ಮೊದಲು.

"ಕೊಳೆತದ್ದನ್ನು ಗಾಯದ ಮೇಲೆ ಬಿಡತಕ್ಕದ್ದಲ್ಲ."

"ನಾಲ್ಕು ದಿನ ಕೊಡಿ. ಗಂಟೆಗೊಮ್ಮೆ ಉಪ್ಪುನೀರು ಬಿಡುತ್ತೇನೆ. ಸಡಿಲವಾದದ್ದನ್ನು ಮಾತ್ರ ಕತ್ತರಿಸುತ್ತೇನೆ. ಕಾರ್ಬಾಲಿಕ್ ಹಾಕಿದರೆ ಅಡಿಯಲ್ಲಿ ಬೆಳೆಯುತ್ತಿರುವುದೂ ಸಾಯುತ್ತದೆ."

"ಇದನ್ನು ನಿನಗೆ ಯಾರು ಹೇಳಿದರು?"

"ಕುರಿ ಕಾಯುವವಳು."

ಆಕೆ ನಕ್ಕರು. ಆಮೇಲೆ ಮಂಚದ ಬಳಿಗೆ ಬಂದು ನಾನು ತೋರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರು. ನಗು ನಿಂತಿತು. ಎರಡು ದಿನ ಎಂದರು. ಎರಡು ದಿನ ನಾಲ್ಕಾಯಿತು.

ಆ ನಾಲ್ಕು ದಿನ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ನನ್ನ ಚರ್ಮ ನೆನೆದ ಹಪ್ಪಳದಂತೆ ಬಟ್ಟೆಯ ಜೊತೆಗೇ ಚೂರು ಚೂರಾಗಿ ಬಂತು. ಒಂದೊಂದು ಚೂರನ್ನೂ ನಾನೇ ಬಟ್ಟಲಿಗೆ ಹಾಕಿದೆ, ನಾನೇ ಹೊರಗೆ ಒಯ್ದು ಮಣ್ಣು ಮಾಡಿದೆ. ಬೇಸರವಾಯಿತು. ನನ್ನದು ಒಂದಾದರೂ ಉಳಿಯಲಿ ಎಂಬ ಆಸೆ ಕೊನೆಯ ಚೂರಿನವರೆಗೂ ಇತ್ತು. ಅದು ಹೋದ ಮೇಲೆ ಕಂಡದ್ದು ಚುಕ್ಕಿಗೆ ಚುಕ್ಕಿ ಸೇರಿ ಹರಡುತ್ತಿದ್ದ ಹುಡುಗಿಯ ಚರ್ಮ.

ಅದು ಪೂರ್ತಿ ಮುಚ್ಚಲು ಇನ್ನೂ ಒಂದು ತಿಂಗಳು ಹಿಡಿಯಿತು. ಕತ್ತು ಮತ್ತೆ ಬಾಗದಂತೆ ಬಿದಿರಿನ ದಬ್ಬೆ, ಬಟ್ಟೆ ಸೇರಿಸಿ ಒಂದು ಕೊರಳಪಟ್ಟಿ ಹೊಲಿದು ಹಾಕಿದೆ. ಹಗಲು ರಾತ್ರಿ ಅದನ್ನು ಬಿಚ್ಚುವಂತಿರಲಿಲ್ಲ. ದಿನಕ್ಕೆರಡು ಸಲ ಹರಳೆಣ್ಣೆ ಹಚ್ಚಿ ನೀವುತ್ತಿದ್ದೆ. ಕತ್ತು ಚೆಂದವಾಗಲಿಲ್ಲ. ಒಂದು ಕಡೆ ನುಣುಪು, ಒಂದು ಕಡೆ ಗಂಟು, ಬಿಳುಪು, ಕಪ್ಪು. ಆದರೆ ತಲೆ ನೆಟ್ಟಗೆ ನಿಂತಿತು, ಬಾಯಿ ಮುಚ್ಚಿತು, ಮುದ್ದೆ ಇಳಿಯಿತು.

ಆ ತಿಂಗಳಲ್ಲೇ ಬೆಂಗಳೂರಿನಿಂದ ಇಬ್ಬರು ದೊರೆಸಾನಿಯರು ಔಷಧಾಲಯ ನೋಡಲು ಬಂದರು. ಡಾಕ್ಟರಮ್ಮ ಎಂದಿನಂತೆ ನನ್ನ ಬರೆಗಳ ಕಥೆ ಹೇಳೆಂದರು. ಕಥೆ ಬದಲಾಗಿದೆ ಎಂದೆ. ನನ್ನ ತಾಯಿ ನನ್ನನ್ನು ಉಳಿಸಿಕೊಳ್ಳಲು ಹಾಕಿಸಿದ ಬರೆ ಇದು, ಇನ್ನು ಮೇಲೆ ಯಾರಿಗೂ ತೋರಿಸುವುದಿಲ್ಲ, ಬಚ್ಚಿಡುವುದೂ ಇಲ್ಲ ಎಂದೆ. ಶಿಲುಬೆಯ ಮೇಲೆ ಸತ್ತು ಸಮಾಧಿಯಿಂದ ಎದ್ದು ಬಂದ ಕರ್ತನು ಮನಸ್ಸು ಮಾಡಿದ್ದರೆ ಗಾಯಗಳನ್ನು ಅಳಿಸಿಕೊಂಡು ಬರಬಹುದಾಗಿತ್ತು. ಬರಲಿಲ್ಲ. ಕೈ ಚಾಚಿ ತೋರಿಸಿದನು. ಮೊಳೆ ಹೊಡೆದವರನ್ನು ದೂರಲಿಕ್ಕೆ ಅಲ್ಲ. ನಾನೇ, ಬೇರೆ ಯಾರೂ ಅಲ್ಲ ಎಂದು ತನ್ನವರಿಗೆ ಗುರುತು ಹೇಳಲಿಕ್ಕೆ. ಸುವಾರ್ತೆಯ ಆ ಅಧ್ಯಾಯವನ್ನು ಚಿಕ್ಕಂದಿನಿಂದ ನೂರು ಸಲ ಬಾಯಿಪಾಠ ಒಪ್ಪಿಸಿದ್ದೆ. ಅದು ನನಗೆ ಅರ್ಥವಾದದ್ದು ಕಜ್ಜಿಯ ಮೈಯ ಹೆಂಗಸೊಬ್ಬಳು ನನ್ನ ಹೊಟ್ಟೆಯನ್ನು ಮುಟ್ಟಿದ ಮೇಲೆ. ಡಾಕ್ಟರಮ್ಮ ಇದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೇಳಿದರೋ ಇಲ್ಲವೋ ತಿಳಿಯದು.

ತಾಯಿ ಮಗಳಿಬ್ಬರನ್ನೂ ಕಳಿಸುವ ದಿನ ಹತ್ತಿರ ಬಂದಾಗ ಹಟ್ಟಿಯ ಯಜಮಾನ ಬಂದ. ಹುಡುಗಿಯ ತಂದೆಗೆ ಅಣ್ಣನಾಗಬೇಕು. ಅರವತ್ತರ ಮುದುಕ, ಕೈಯಲ್ಲಿ ಕೋಲು, ಮಾತು ಮೆದು. ಜಗಲಿಯ ಮೇಲೆ ಕುಂತ್ಕಳ್ರಿ ಎಂದರೂ ಕೂರಲಿಲ್ಲ. ಹುಡುಗಿ ತಲೆ ಎತ್ತಿ ನಿಂತದ್ದನ್ನು ನೋಡಿ ಅವನ ಕಣ್ಣು ತುಂಬಿತು. ಆದರೂ ಹತ್ತಿರ ಕರೆಯಲಿಲ್ಲ.

"ನಿಮ್ಮ ಮ್ಯಾಲೆ ನಮಗೇನೂ ಸಿಟ್ಟಿಲ್ರಿ ಅಮ್ಮಾರೆ," ಎಂದ. "ಆದ್ರೆ ಕಿರಿಸ್ತಾನರ ತೊಗಲು ಕೂಸಿನ ಮೈಗೆ ಹಾಕ್ಯಾರೆ ಅಂತ ಹಿರಿಯೂರು ಸಂತೆಯಾಗೆ ಮಾತಾಡ್ತಾರೆ. ಅದು ಉಳಿದಿದ್ರೆ ಕೂಸನ್ನ ಹಟ್ಟಿ ಒಳಾಕೆ ಕರ್ಕಳಾಕೆ ಬರಲ್ಲ. ನಾನೊಬ್ನೇ ಬಿಡು ಅಂದ್ರೆ ಆಗಲ್ಲ, ಹತ್ತು ಮನೆ ಕೇಳ್ತಾವೆ. ಉಳಿದೈತಾ?"

ಡಾಕ್ಟರಮ್ಮನ ಮುಖ ಕೆಂಪಾಯಿತು. ಚರ್ಮ ಚರ್ಮವೇ, ಅದಕ್ಕೆ ಜಾತಿಯಿಲ್ಲ ಎಂದು ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ಕೈ ಎತ್ತಿದೆ. ನನಗೂ ಸಿಟ್ಟು ಬಂದಿತ್ತು. ಬಹಳ ದಿನದ ಮೇಲೆ ಬಂದ ಸಿಟ್ಟು. ಹೌದು, ಉಳಿದಿದೆ, ಏನು ಮಾಡುತ್ತೀರಿ ಎನ್ನಬೇಕೆನಿಸಿತು. ನಿಜವಾಗಿ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸಿತು. ತಾಯಿ ಕಂಬದ ಹತ್ತಿರ ಮಗಳ ಕೈ ಹಿಡಿದು ನಿಂತಿದ್ದಳು.

"ಉಳಿದಿಲ್ಲ," ಎಂದೆ. "ಉಗುರಿನಷ್ಟೂ ಉಳಿದಿಲ್ಲ. ಎಲ್ಲ ಕಳಚಿ ಬಿತ್ತು. ಈಗಿರೋದೆಲ್ಲ ಅವಳ್ದೇ."

"ನಿಮ್ಮ ದೇವರ ಮ್ಯಾಲೆ ಆಣೆ ಇಟ್ಟು ಹೇಳ್ರಿ."

"ನಮ್ಮಲ್ಲಿ ಆಣೆ ಇಡಬಾರ್ದು ಯಜಮಾನ್ರೇ. ಇಲ್ಲ ಅಂದ್ರೆ ಇಲ್ಲ."

ಮುದುಕ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಹತ್ತು ಮನೆಗೆ ಇಷ್ಟು ಸಾಲದು ಎಂದು ಅವನ ಮುಖವೇ ಹೇಳುತ್ತಿತ್ತು. ಆಗ ತಾಯಿ ಮುಂದೆ ಬಂದು ಹುಡುಗಿಯ ನೆತ್ತಿಯ ಮೇಲೆ ಕೈಯಿಟ್ಟಳು.

"ಅಕ್ಕ ಆಣೆ ಇಡಲ್ಲ ಅಂದ್ರೆ ನಾನಿಡ್ತೀನಿ ಬಾವಾರೆ. ಈ ಕೂಸಿನ ಮ್ಯಾಲೆ ಆಣೆ. ಉದುರಿದ್ದನ್ನ ನನ್ನ ಕಣ್ಣಾರೆ ಕಂಡೀನಿ. ಕೂಸಿನ ಮೈಮ್ಯಾಲೆ ಅಕ್ಕಂದು ಏನೂ ಉಳಿದಿಲ್ಲ. ಉಳಿದಿರೋದು ಅಕ್ಕನ ಮೈಮ್ಯಾಲೆ ಗಾಯ. ಸಾಕ್ಷಿಗೆ ಅದನ್ನೂ ತೋರಿಸ್ಬೇಕಾ?"

ಯಜಮಾನ ತಲೆ ತಗ್ಗಿಸಿದ. "ಬ್ಯಾಡವ್ವ," ಎಂದ. "ಹೋಗಾಣ ನಡೀರಿ," ಎಂದು ಹೆಗಲ ಕಂಬಳಿ ತೆಗೆದು ಹುಡುಗಿಗೆ ಹೊದಿಸಿದ.

ಅವರು ಗೇಟು ದಾಟಿ ಹಿರಿಯೂರಿನ ದಾರಿ ಹಿಡಿದರು. ಮುಂದೆ ಮುದುಕ, ಹಿಂದೆ ತಾಯಿ ಮಗಳು. ನಾನು ಜಗಲಿಯ ಮೇಲೆ ನಿಂತು ನೋಡುತ್ತಿದ್ದೆ. ಹುಡುಗಿಯ ತಲೆ ನೆಟ್ಟಗಿತ್ತು; ಕತ್ತು ಪಕ್ಕಕ್ಕೆ ಹೊರಳುವಷ್ಟು ಸಡಿಲವಾಗಿರಲಿಲ್ಲ, ಮುಂದೆಯೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂತಿರುಗಿ ನೋಡಲು ಅವಳಿಂದಾಗದು ಎಂದುಕೊಂಡು ಒಳಗೆ ಹೊರಟೆ. ಅಷ್ಟರಲ್ಲಿ ಅವಳು ದಾರಿಯ ನಡುವೆ ನಿಂತಳು. ತಾಯಿಯ ಕೈ ಬಿಡಿಸಿಕೊಂಡು, ಇಡೀ ಮೈಯನ್ನೇ ನನ್ನ ಕಡೆಗೆ ತಿರುಗಿಸಿ, ಎರಡು ಕಾಲೂರಿ ನಿಂತು ನನ್ನ ಮುಖವನ್ನು ನೋಡಿದಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆ.